ಚಲಿಸುವ ಸರಾಸರಿ: ಆರ್ಡುಯಿನೋ ಮಾದರಿ ಮಾಡುವ ಮಕ್ಕಳಿಗೆ

ಆರ್ಡುಯಿನೋ ಊನೋ ಬೋರ್ಡಿಗೆ ಮಣ್ಣಿನ ತೇವದ ಸೆನ್ಸರ್ ಜೋಡಿಸಿದರೆ 0 ಮತ್ತು 1023ರ ನಡುವಿನ ಅಂಕಿ ಬರುತ್ತದೆ. ಮಣ್ಣು ಇದ್ದಂತೆಯೇ ಇದ್ದರೂ ಅಂಕಿ ಏರಿಳಿಯುತ್ತಿರುತ್ತದೆ. ಅದನ್ನೇ ನಂಬಿ ಪಂಪು ನಡೆಸಿದರೆ ಮೋಟರು ಪದೇ ಪದೇ ಆನ್, ಆಫ್ ಆಗಿ ಕೆಡುತ್ತದೆ.

ಇದಕ್ಕೆ ಚಲಿಸುವ ಸರಾಸರಿ ಸುಲಭ ಉಪಾಯ. ಕೊನೆಯ 16 ಅಳತೆಗಳನ್ನು ಅರೇಯಲ್ಲಿಟ್ಟು, ಮೊತ್ತವನ್ನು ಬೇರೆ ಇಡಿ. ಹೊಸ ಅಳತೆ ಬಂದಾಗ ಮೊತ್ತದಿಂದ ಅತಿ ಹಳೆಯದನ್ನು ಕಳೆದು, ಹೊಸದನ್ನು ಕೂಡಿ, ಹಳೆಯದರ ಜಾಗದಲ್ಲಿ ಹೊಸದನ್ನು ಬರೆಯಿರಿ. ಮೊತ್ತವನ್ನು 16ರಿಂದ ಭಾಗಿಸಿದರೆ ಸರಾಸರಿ. ಲೆಕ್ಕದ ಪುಸ್ತಕದಲ್ಲಿ ನಾವು ಶಿಲ್ಕು ಮುಂದಕ್ಕೆ ತರುವಂತೆಯೇ ಇದು. ಪ್ರತಿ ಸಲ ಮೊದಲಿನಿಂದ ಕೂಡಬೇಕಿಲ್ಲ.

ಗಮನಿಸಬೇಕಾದವು:

1. ಊನೋದಲ್ಲಿ 'ಇಂಟ್' ಹಿಡಿಯುವುದು 32,767ರವರೆಗೆ ಮಾತ್ರ. 32ಕ್ಕಿಂತ ಹೆಚ್ಚು ಅಳತೆ ಕೂಡಿದರೆ ಮೊತ್ತ ಮಿತಿ ಮೀರಿ ಋಣಸಂಖ್ಯೆಯಾಗಬಹುದು. ಆಗ 'ಲಾಂಗ್' ಬಳಸಿ.

2. ಅರೇಯನ್ನು ಸೊನ್ನೆಯ ಬದಲು ಮೊದಲ ಅಳತೆಯಿಂದಲೇ ತುಂಬಿ. ಮೊತ್ತವೂ ಅದರ 16 ಪಟ್ಟಿರಲಿ. ಇಲ್ಲವಾದರೆ ಆರಂಭದ ಸರಾಸರಿ ಸುಳ್ಳಾಗುತ್ತದೆ.

3. ಸೆಕೆಂಡಿಗೊಂದು ಅಳತೆಯಾದರೆ ಸರಾಸರಿ ಸುಮಾರು 7.5 ಸೆಕೆಂಡು ಹಿಂದುಳಿಯುತ್ತದೆ. ಮಣ್ಣಿಗೆ ಅಡ್ಡಿಯಿಲ್ಲ, ಬೇಗ ತುಂಬುವ ತೊಟ್ಟಿಗಾದರೆ ನೀರು ಹೊರಚೆಲ್ಲೀತು.

ಪಂಪು ಆನ್ ಆಗುವ ಅಂಕಿ ಬೇರೆ, ಆಫ್ ಆಗುವ ಅಂಕಿ ಬೇರೆ ಇಟ್ಟರೆ ಮೋಟರಿಗೆ ಇನ್ನೂ ಕ್ಷೇಮ.