ಮದ್ದುಂಡ ಜೇಡ

1948ರ ಮಾತು. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಹಾನ್ಸ್ ಪೀಟರ್ಸ್ ಎಂಬ ಪ್ರಾಣಿಶಾಸ್ತ್ರಜ್ಞರಿದ್ದರು. ಜೇಡವು ಬಲೆ ನೇಯುವ ಬಗೆಯನ್ನು ಅರಿಯುವುದು ಅವರ ವ್ಯಾಸಂಗ. ತೊಡಕೆಂದರೆ, ಆ ತೋಟದ ಜೇಡಗಳು ಕೆಲಸಕ್ಕೆ ತೊಡಗುತ್ತಿದ್ದುದು ಬೆಳಗಿನ ಜಾವ ಎರಡರಿಂದ ಐದು ಗಂಟೆಯೊಳಗೆ. ದಿನವೂ ಆ ಹೊತ್ತಿಗೆ ಎದ್ದು ಕಾಯುವುದು ವಿಜ್ಞಾನಿಗಾದರೂ ಸುಖದ ಮಾತಲ್ಲ. ಔಷಧಶಾಸ್ತ್ರದಲ್ಲಿ ತೊಡಗಿದ್ದ ಪೀಟರ್ ವಿಟ್ ಎಂಬ ತರುಣರನ್ನು ಅವರು ಕೇಳಿದರು: ಈ ಪ್ರಾಣಿಗಳು ಇನ್ನಷ್ಟು ಅನುಕೂಲವಾದ ವೇಳೆಯಲ್ಲಿ ನೇಯುವಂತೆ ಮಾಡುವ ಮದ್ದೇನಾದರೂ ಉಂಟೆ? ವಿಟ್ ಆಂಫಿಟಮೀನ್ ಕೊಟ್ಟು ನೋಡಿದರು. ಜೇಡಗಳು ತಮ್ಮ ವೇಳೆಯನ್ನು ಬಿಟ್ಟುಕೊಡಲಿಲ್ಲ. ಬಲೆ ಮಾತ್ರ ಅಂಕುಡೊಂಕಾಯಿತು. ಪೀಟರ್ಸರಿಗೆ ನಿದ್ರೆ ದೊರೆಯಲಿಲ್ಲ. ವಿಟ್ಟರಿಗೆ ಮಾತ್ರ ಹಲವಾರು ದಶಕಗಳಿಗಾಗುವಷ್ಟು ಕೆಲಸ ದೊರೆಯಿತು.

ಓಲೆಗರಿಯ ಪ್ರತಿಗಳನ್ನು ಓದುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನಿಗೆ ಈ ವೃತ್ತಾಂತ ಏಕೆ ಹಿಡಿಸಿತೆಂಬುದನ್ನು ಹೇಳಬೇಕು. ಗ್ರಂಥಸಂಪಾದಕನು ಲಿಪಿಕಾರನನ್ನು ಕಂಡವನಲ್ಲ. ಅವನ ಕೈಬರಹವನ್ನು ಮಾತ್ರ ಕಂಡವನು. ಅಕ್ಷರ ಎಲ್ಲಿ ಜಾರಿತು, ಸಾಲು ಎಲ್ಲಿ ತಪ್ಪಿತು ಎಂಬುದರಿಂದಲೇ ಆ ಮನುಷ್ಯ ದಣಿದಿದ್ದನೋ, ತೂಕಡಿಸುತ್ತಿದ್ದನೋ ಎಂದು ಊಹಿಸುತ್ತಾನೆ. ವಿಟ್ಟರು ಮಾಡಿದ್ದೂ ಅದನ್ನೇ. ಅವರದು ನಮಗಿಂತ ಭಾಗ್ಯದ ಸ್ಥಿತಿ. ಈ ಜಾತಿಯ ಜೇಡವು ಹಳೆಯ ಬಲೆಯನ್ನು ತಿಂದುಹಾಕಿ, ಸಾಮಾನ್ಯವಾಗಿ ದಿನಕ್ಕೊಂದರಂತೆ, ಅರ್ಧ ಗಂಟೆಯ ಆಸುಪಾಸಿನಲ್ಲಿ ಹೊಸದನ್ನು ನೇಯುತ್ತದೆ. ಒಂದೇ ಕೈಯ ಎರಡು ಪ್ರತಿಗಳು, ಮದ್ದಿಗೆ ಮೊದಲಿನದು ಒಂದು, ಅನಂತರದ್ದು ಒಂದು, ಹೀಗೆ ಅಕ್ಕಪಕ್ಕ ದೊರೆಯುವುದು ನಮ್ಮ ಕ್ಷೇತ್ರದಲ್ಲಿ ಕನಸಿನ ಮಾತು.

ಸಕ್ಕರೆ ನೀರಿನಲ್ಲಿ ಮದ್ದನ್ನು ಬೆರೆಸಿ ಒಂದು ಹನಿಯನ್ನು ಜೇಡದ ಬಾಯಿಗೆ ಮುಟ್ಟಿಸುವುದು, ಮರುದಿನದ ಬಲೆಯ ಛಾಯಾಚಿತ್ರ ತೆಗೆದು ಎಳೆಗಳ ನಡುವಣ ಕೋನ, ಸುರುಳಿಗಳ ಅಂತರ, ಬಲೆಯ ವಿಸ್ತಾರ ಇವನ್ನು ಅಳೆಯುವುದು, ಇಷ್ಟೇ ವಿಧಾನ. ಮೆಸ್ಕಲಿನ್, ಕೆಫೀನ್, ನಮ್ಮ ಕಾಡುಗಳ ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್, ಎಲ್ಲವೂ ಪರೀಕ್ಷೆಗೊಳಗಾದವು. ಅಚ್ಚರಿಯೆಂದರೆ ಎಲ್‌ಎಸ್‌ಡಿಯನ್ನು ಅಲ್ಪ ಪ್ರಮಾಣದಲ್ಲಿ ಉಂಡ ಜೇಡದ ಬಲೆ ಎಂದಿಗಿಂತಲೂ ಹೆಚ್ಚು ಕ್ರಮಬದ್ಧವಾಗಿತ್ತು! ಅಮಲೆಂದರೆ ಅವ್ಯವಸ್ಥೆಯೇ ಎಂದು ತಿಳಿದವರು ಇಲ್ಲಿ ತುಸು ನಿಲ್ಲಬೇಕಾಗುತ್ತದೆ.

1995ರಲ್ಲಿ ಅಮೆರಿಕೆಯ ನಾಸಾ ಸಂಸ್ಥೆಯ ವಿಜ್ಞಾನಿಗಳು ಇದೇ ಪರೀಕ್ಷೆಯನ್ನು ಮತ್ತೆ ನಡೆಸಿದರು. ಪದಾರ್ಥಗಳ ವಿಷಶಕ್ತಿಯನ್ನು ಬಲೆಯ ವಿಕಾರದಿಂದ ಅಳೆಯಲಾದೀತೇ ಎಂಬುದು ಅವರ ಪ್ರಶ್ನೆ. ಅವರು ಪ್ರಕಟಿಸಿದ ಚಿತ್ರಗಳಲ್ಲಿ ಗಾಂಜಾದ ಜೇಡ ಬಲೆಯನ್ನು ಅರ್ಧಕ್ಕೆ ಬಿಟ್ಟಿತ್ತು. ಕೆಫೀನ್ ಉಂಡ ಜೇಡವಂತೂ ಚಕ್ರದ ಆಕಾರವನ್ನೇ ಮರೆತು ಕೆಲವು ಎಳೆಗಳನ್ನು ಕಂಡಂತೆ ಎಳೆದಿತ್ತು. ಆ ಚಿತ್ರವನ್ನು ತೋರಿಸಿ ನನಗೆ ಕಾಫಿ ಬಿಡಿಸಲು ಹೊರಟ ಹಿತೈಷಿಗಳಿದ್ದಾರೆ. ಅವರಿಗೆ ನನ್ನ ಉತ್ತರವಿಷ್ಟೆ: ಕೆಫೀನು ಕಾಫಿಗಿಡವು ತನ್ನನ್ನು ಕೀಟಗಳಿಂದ ಕಾಪಾಡಿಕೊಳ್ಳಲು ಇಟ್ಟುಕೊಂಡಿರುವ ವಿಷ. ಅಷ್ಟು ಚಿಕ್ಕ ದೇಹ ಅದರಿಂದ ತತ್ತರಿಸಿದರೆ ಸೋಜಿಗವಿಲ್ಲ. ಪಾಠಾಂತರ ಸಿಕ್ಕಿತೆಂದು ಅರ್ಥವೂ ಸಿಕ್ಕಿತೆಂದುಕೊಳ್ಳಬಾರದು.

ಹಾಗಾದರೆ ಬೆನ್ನೆಲುಬಿಲ್ಲದ ಜೀವಿಗಳಿಂದ ನಮ್ಮ ಬಗೆಗೆ ತಿಳಿಯುವುದೇನೂ ಇಲ್ಲವೆ? ಇದೆ. 2018ರಲ್ಲಿ ಗುಲ್ ಡೋಲೆನ್ ಮತ್ತು ಎರಿಕ್ ಎಡ್ಸಿಂಗರ್ ಎಂಬ ವಿಜ್ಞಾನಿಗಳು ಒಂಟಿಬಾಳಿನ ಆಕ್ಟೋಪಸ್‌ಗಳಿಗೆ ಎಂಡಿಎಂಎ ಎಂಬ ಮದ್ದನ್ನು ಕೊಟ್ಟಾಗ ಅವು ಬೇರೊಂದು ಆಕ್ಟೋಪಸ್ ಇದ್ದ ಕಡೆಯಲ್ಲಿ ಹೆಚ್ಚು ಹೊತ್ತು ಕಳೆದವು. ಆ ಮದ್ದು ಹಿಡಿಯುವ ಪ್ರೋಟೀನು, ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಕವಲೊಡೆದ ಈ ಎರಡು ವಂಶಗಳಲ್ಲಿಯೂ ಬಹುಮಟ್ಟಿಗೆ ಒಂದೇ ಬಗೆಯದಾಗಿ ಉಳಿದಿದೆ.

ಆದರೆ ನನ್ನ ಮನಸ್ಸನ್ನು ಕಲಕಿದ ಪ್ರಸಂಗ ಇದಕ್ಕಿಂತ ಹಳೆಯದು. ಅದು ನಡೆದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಆಲ್ಬರ್ಟ್ ಹೋಫ್‌ಮನ್ 1943ರಲ್ಲಿ ಎಲ್‌ಎಸ್‌ಡಿಯ ಪರಿಣಾಮವನ್ನು ಕಂಡುಕೊಂಡ ಊರೇ ಅದು. ಎಳ್ಳಿನಷ್ಟೂ ಇಲ್ಲದ ಮದ್ದು ಮನಸ್ಸನ್ನು ಹೀಗೆ ಕದಡುವುದಾದರೆ, ಸ್ಕಿಜೋಫ್ರೇನಿಯಾ ರೋಗಿಗಳ ದೇಹವೇ ಅಂಥದೊಂದು ಪದಾರ್ಥವನ್ನು ತಯಾರಿಸುತ್ತಿರಬಹುದೆಂಬ ಊಹೆ ಆಗ ಪ್ರಬಲವಾಗಿತ್ತು. ಅದು ಮೂತ್ರದಲ್ಲಿ ಹೊರಬಂದರೆ? ಜೇಡವು ಅದನ್ನು ಬಲೆಯಲ್ಲಿ ಬರೆದು ತೋರಿಸಿದರೆ? 1950ರ ದಶಕದಲ್ಲಿ ಅಲ್ಲಿಯ ಸಂಶೋಧಕರು ರೋಗಿಗಳ ಮೂತ್ರವನ್ನು, ಹೋಲಿಕೆಗಾಗಿ ಆರೋಗ್ಯವಂತರ ಮೂತ್ರವನ್ನು, ಸಂಗ್ರಹಿಸಿ ಗಟ್ಟಿಯಾಗಿಸಿ ಜೇಡಗಳಿಗೆ ಉಣಿಸಿದರು. ಆ ಕಾಯಿಲೆಯ ಬೇರು ದೇಹದಲ್ಲಿ ಸಿಕ್ಕೀತೆಂದು ಎಷ್ಟು ಮನೆಗಳು ಕಾಯುತ್ತಿದ್ದವೋ, ಊಹಿಸಿಕೊಳ್ಳಿ.

ಬಲೆಗಳು ರೋಗಿಯನ್ನೂ ಆರೋಗ್ಯವಂತನನ್ನೂ ಬೇರ್ಪಡಿಸಿ ತೋರಿಸಲಿಲ್ಲ. ತಿಳಿದುಬಂದದ್ದು ಒಂದೇ: ಆ ದ್ರವ ಜೇಡಗಳಿಗೆ ಸ್ವಲ್ಪವೂ ರುಚಿಸಲಿಲ್ಲ. ಒಂದು ಗುಟುಕಿನ ಬಳಿಕ ಅವು ಬಲೆಯನ್ನು ಬಿಟ್ಟಿಳಿದು, ಚೌಕಟ್ಟಿನ ಮರಕ್ಕೆ ಬಾಯನ್ನು ಉಜ್ಜಿ ಉಜ್ಜಿ ಒರೆಸಿಕೊಂಡು, ಚೊಕ್ಕಟವಾದ ಮೇಲೆಯೇ ಹಿಂದಿರುಗಿದವು. ಎರಡನೆಯ ಹನಿಗೆ ಬಾಯಿ ತೆರೆಯಿಸುವುದೇ ದುಸ್ತರವಾಯಿತು.