ಔಷಧಿ ಕೊಡುವ ಕಿಟಕಿ

ನಾನು ಚಿಕ್ಕವಳಿದ್ದಾಗ ಆಸ್ಪತ್ರೆಗೆ ಹೋಗುವುದೆಂದರೆ ತೊಳೆದ ಬಾಟಲಿ ಹಿಡಿದು ಹೋಗುವುದು. ಡಾಕ್ಟರು ಚೀಟಿ ಬರೆದರೆ, ಕಂಪೌಂಡರು ಕಿಟಕಿಯಾಚೆ ಕೆಂಪು ಮಿಕ್ಸ್ಚರ್ ಬೆರೆಸಿ, ಅಂಚನ್ನು ಕಚ್ಚುಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಬಾಟಲಿಗೆ ಅಂಟಿಸಿಕೊಡುತ್ತಿದ್ದರು. ಒಂದು ಹೊತ್ತಿಗೆ ಒಂದು ಕಚ್ಚು. ಓದು ಬಾರದ ನಮ್ಮವ್ವನಿಗೂ ಆ ಲೆಕ್ಕ ತಪ್ಪುತ್ತಿರಲಿಲ್ಲ. ಕಾವೇರಿ ದಂಡೆಯ ನಮ್ಮ ಶಿರಂಗಾಲದ ಕಡೆಯ ಹೆಂಗಸರಿಗೆ ಡಾಕ್ಟರಿಗಿಂತ ಕಂಪೌಂಡರೇ ಹತ್ತಿರದವರು.

ಬ್ರಿಟಿಷರ ಕಾಲದಲ್ಲಿ ಈ ಕೆಲಸಕ್ಕೆ ದೇಶಕ್ಕೆಲ್ಲ ಒಂದೇ ಬಗೆಯ ಶಿಕ್ಷಣವಿರಲಿಲ್ಲ. 1930ರಲ್ಲಿ ನೇಮಕವಾದ ಚೋಪ್ರಾ ಸಮಿತಿ ಇದಕ್ಕೊಂದು ಕಾನೂನು ಬೇಕೆಂದಿತು. 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಅವರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಪಾಠ ಆರಂಭಿಸಿದರು. 40,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದ 1946ರ ಭೋರ್ ಸಮಿತಿ, ಇಬ್ಬರು ಡಾಕ್ಟರ ಜೊತೆಗೆ ಒಬ್ಬ ಫಾರ್ಮಸಿಸ್ಟನ್ನೂ ಲೆಕ್ಕಕ್ಕೆ ಹಿಡಿದಿತ್ತು. 1948ರಲ್ಲಿ ಫಾರ್ಮಸಿ ಕಾಯ್ದೆ ಬಂತು. ಅದರಂತೆ ಡಾಕ್ಟರು ತಮ್ಮ ರೋಗಿಗಳಿಗೆ ತಾವೇ ಔಷಧಿ ಕೊಡಬಹುದು. ಮಿಕ್ಕಂತೆ ಆ ಕೆಲಸ ನೋಂದಾಯಿತ ಫಾರ್ಮಸಿಸ್ಟರದ್ದು. ಕೊಡಗು ಆಗಿನ್ನೂ ಪ್ರತ್ಯೇಕ ಪ್ರಾಂತ್ಯ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು.

ಯಾರು ಔಷಧಿ ಕೊಡಬೇಕೆಂದು ಕಾಯ್ದೆ ಹೇಳಿತು. ಅವರಿಗೆ ಸಂಬಳ ಯಾರು ಕೊಡಬೇಕೆಂಬುದು ಅದರ ಮಾತಲ್ಲ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಹಳ್ಳಿಯ ಉಪಕೇಂದ್ರಕ್ಕೆ ವರ್ಷಕ್ಕೆ 10,000 ರೂಪಾಯಿ ಕೊಟ್ಟಿತು. ಆದರೆ ಅದರಿಂದ ಯಾರಿಗೂ ಸಂಬಳ ಕೊಡುವಂತಿರಲಿಲ್ಲ. ಗೋಡೆಗೆ ಸುಣ್ಣ ಬಳಿಯಲು ಹಣವುಂಟು, ಗುಳಿಗೆ ಎಣಿಸುವವರಿಗಿಲ್ಲ. ಹುದ್ದೆ ಖಾಲಿಯಿದ್ದಲ್ಲಿ ಗುತ್ತಿಗೆಯವರು, ಇಲ್ಲವೇ ವಾರಕ್ಕೆರಡು ದಿನ ನಿಯೋಜನೆ ಮೇಲೆ ಬರುವವರು.

ಮಿಕ್ಕ ದಿನಗಳಲ್ಲಿ ಏನಾಗುತ್ತದೆಂಬುದು ನನಗೆ ಗೊತ್ತಿದೆ. ಕೆಲವು ವರ್ಷಗಳ ಹಿಂದೆ ಅವ್ವ ಒಂದು ಆಸ್ಪತ್ರೆಯಿಂದ ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಗುಳಿಗೆ ತಂದಳು. ಅಂದು ಫಾರ್ಮಸಿಸ್ಟ್ ಬಂದಿರಲಿಲ್ಲ. ಕಸ ಗುಡಿಸುವಾಕೆಯೇ ಎರಡನ್ನೂ ಒಂದೇ ಕಾಗದದಲ್ಲಿ ಕಟ್ಟಿಕೊಟ್ಟಿದ್ದಳು. ಎರಡೂ ಪುಟ್ಟ ಬಿಳಿ ಗುಳಿಗೆಗಳು. ಮರುದಿನ ಶಾಲೆ ಬಿಟ್ಟು ಬರುವಷ್ಟರಲ್ಲಿ ಅವ್ವ ಒಲೆಯ ಮುಂದೆ ಬೆವೆತು ಬಿದ್ದಿದ್ದಳು. ಕರೆದರೆ ಬರೀ ತೊದಲು. ಪಕ್ಕದ ಮನೆಯವರು ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದ ಮೇಲೆ ಕಣ್ಣು ಬಿಟ್ಟಳು. ಒತ್ತಡದ ಗುಳಿಗೆಯೆಂದು ಸಕ್ಕರೆಯದನ್ನೇ ಎರಡು ನುಂಗಿದ್ದಳು.

ನನಗೆ ಆ ಹೆಂಗಸಿನ ಮೇಲೆ ಸಿಟ್ಟು ಬರಲಿಲ್ಲ. ಸಾಲಿನಲ್ಲಿ ನಿಂತ ಜನರನ್ನು ಬರಿಗೈಯಲ್ಲಿ ಕಳಿಸಲಾರದೆ ಆಕೆ ಕೈ ಹಾಕಿದ್ದಳು. ಶಾಲೆಯಲ್ಲಿ ಮೇಷ್ಟ್ರಿಲ್ಲದಿದ್ದರೆ ಅತಿಥಿ ಶಿಕ್ಷಕರನ್ನು ನೇಮಿಸುತ್ತೇವೆ. ಸಂಬಳ ಕಡಿಮೆಯಾದರೂ ತರಗತಿ ನಡೆಯುತ್ತದೆ. ಹಾಗೆಯೇ ಊರಿನ ಹತ್ತಿರವೇ ಇರುವ, ಫಾರ್ಮಸಿ ಓದಿ ಮದುವೆಯಾಗಿ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ದಿನಕ್ಕೆ ಮೂರು ಗಂಟೆಯ ಕೆಲಸ ಕೊಟ್ಟು, ಗಂಟೆಯ ಲೆಕ್ಕದಲ್ಲಿ ಮರ್ಯಾದೆಯ ಸಂಬಳ ಕೊಡಬಾರದೇಕೆ? ಖಾಯಂ ಹುದ್ದೆ ತುಂಬುವವರೆಗಾದರೂ ಆ ಕಿಟಕಿ ಸರಿಯಾದವರ ಕೈಯಲ್ಲಿರುತ್ತದೆ.

ಈಗ ಅವ್ವನ ಗುಳಿಗೆಯ ಡಬ್ಬಿಗಳ ಮೇಲೆ ನಾನೇ ಚಿತ್ರ ಬರೆದಿಡುತ್ತೇನೆ. ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಹಳೆಯ ಕಂಪೌಂಡರು ಕಾಗದ ಕಚ್ಚು ಮಾಡಿ ಕೊಡುತ್ತಿದ್ದುದೂ ಇದನ್ನೇ. ಓದಿದ ಮಗಳು ಹತ್ತಿರವಿಲ್ಲದ ಮನೆಯ ಅವ್ವಂದಿರಿಗೆ ಇದನ್ನು ಬರೆದುಕೊಡುವವರು ಆ ಕಿಟಕಿಯಲ್ಲಿ ದಿನವೂ ಇರಬೇಕು.