ಗ್ರೀಕರ ಬೆಳ್ಳಿಯ ನಾಣ್ಯಗಳೂ ಒಲಿಂಪಿಯದ ಪಂದ್ಯಗಳೂ

ಒಲಿಂಪಿಯದ ಪಂದ್ಯಗಳಲ್ಲಿ ಗೆದ್ದವನಿಗೆ ಅಲ್ಲಿ ದೊರೆಯುತ್ತಿದ್ದ ಬಹುಮಾನವು ಆಲಿವ್ ಎಲೆಗಳ ಒಂದು ಕಿರೀಟ ಮಾತ್ರ. ಆದರೆ ಬಾಡಿಹೋಗುವ ಆ ಕಿರೀಟದ ಕೀರ್ತಿಯನ್ನು ದೂರದೇಶಗಳಿಗೆ ಹೊತ್ತೊಯ್ದುದರಲ್ಲಿ ಬೆಳ್ಳಿಯ ಪಾಲು ಬಹಳವಾಗಿದೆ.

ಈ ಉತ್ಸವವು ಕ್ರಿ. ಪೂ. ೭೭೬ರಲ್ಲಿ ಮೊದಲಾಯಿತೆಂದು ಗ್ರೀಕರು ಎಣಿಸುತ್ತಿದ್ದರು. ನಾಲ್ಕು ವರ್ಷಗಳಿಗೊಮ್ಮೆ ಜ್ಯೂಸ್ ದೇವನ ಸನ್ನಿಧಿಯಲ್ಲಿ ನಡೆಯುತ್ತಿದ್ದ ಇದರ ಆಡಳಿತವು ಬಹುಕಾಲ ಈಲಿಸ್ ನಾಡಿನವರ ಕೈಯಲ್ಲಿದ್ದಿತು. ಐದನೆಯ ಶತಮಾನದಲ್ಲಿ ಅವರು ಅಚ್ಚುಹಾಕಿಸಿದ ಬೆಳ್ಳಿಯ ಸ್ಟೇಟರ್ ನಾಣ್ಯವು ಒಂದು ತೊಲದಷ್ಟು, ಎಂದರೆ ಸುಮಾರು ೧೨ ಗ್ರಾಂ ತೂಗುವುದು. ಜ್ಯೂಸನ ಹದ್ದು, ಆತನ ಸಿಡಿಲು, ರೆಕ್ಕೆಗಳುಳ್ಳ ಜಯದೇವತೆ ನೀಕೆ, ಇವು ಆ ನಾಣ್ಯಗಳ ಮುಖ್ಯ ಲಾಂಛನಗಳು. ಅಲ್ಲಿ ಪ್ರಾಧಾನ್ಯವು ದೇವರಿಗೆ, ಗೆದ್ದವನಿಗಲ್ಲ.

ಅರಸರ ಬಗೆ ಬೇರೆ. ಇಟಲಿಯ ರೀಜಿಯಂ ನಗರದ ಒಡೆಯನಾದ ಅನಾಕ್ಸಿಲಾಸನು ಹೇಸರಗತ್ತೆಗಳ ಬಂಡಿಯ ಓಟದಲ್ಲಿ ಗೆದ್ದು, ಆ ಬಂಡಿಯನ್ನೇ ರೀಜಿಯಂ ಮತ್ತು ಮೆಸ್ಸಾನ ನಗರಗಳ ನಾಣ್ಯಗಳಲ್ಲಿ ಮೂಡಿಸಿದನು. ಒಲಿಂಪಿಯದಲ್ಲಿ ಆ ಓಟವು ಕ್ರಿ. ಪೂ. ೪೪೪ರಲ್ಲಿ ನಿಂತುಹೋಯಿತು, ಮೆಸ್ಸಾನದ ನಾಣ್ಯದಲ್ಲಿ ಬಂಡಿಯು ಮುಂದೆಯೂ ಓಡುತ್ತಲೇ ಇದ್ದಿತು.

ಮ್ಯಾಸಿಡೋನಿಯದ ಎರಡನೆಯ ಫಿಲಿಪ್ಪನ ಉದ್ದೇಶವು ಇದಕ್ಕಿಂತ ಹಿರಿದಾದುದು. ಒಲಿಂಪಿಯದ ಕಣವು ಗ್ರೀಕರಿಗೆ ಮಾತ್ರ ಮೀಸಲು. ಆತನ ಪೂರ್ವಿಕನಾದ ಒಂದನೆಯ ಅಲೆಗ್ಸಾಂಡರನು ಸ್ಪರ್ಧಿಸಲು ಬಂದಾಗ, ಇವನು ಗ್ರೀಕನಲ್ಲವೆಂದು ಉಳಿದವರು ತಡೆದರೆಂದೂ, ತನ್ನ ವಂಶವು ಆರ್ಗಾಸಿನದೆಂದು ತೋರಿಸಿದ ಮೇಲೆಯೇ ಅವನಿಗೆ ಎಡೆ ದೊರೆಯಿತೆಂದೂ ಹೆರೊಡೋಟಸನು ಬರೆದಿರುವನು. ಕ್ರಿ. ಪೂ. ೩೫೬ರಲ್ಲಿ ಫಿಲಿಪ್ಪನ ಕುದುರೆ ಗೆದ್ದಿತು. ಆ ಸುದ್ದಿಯೂ ಮಗನಾದ ಅಲೆಗ್ಸಾಂಡರನು ಹುಟ್ಟಿದ ಸುದ್ದಿಯೂ ಜತೆಯಾಗಿ ಬಂದುವೆಂದು ಪ್ಲೂಟಾರ್ಕನ ಹೇಳಿಕೆ.

ಫಿಲಿಪ್ಪನ ಬೆಳ್ಳಿಯ ನಾಣ್ಯದ ಒಂದು ಮುಖದಲ್ಲಿ ಜ್ಯೂಸನ ತಲೆ. ಇನ್ನೊಂದರಲ್ಲಿ ಗೆಲವಿನ ಗರಿಯನ್ನು ಹಿಡಿದು ಕುದುರೆಯ ಮೇಲೆ ಕುಳಿತ ಹುಡುಗ. ಸವಾರಿ ಮಾಡಿದವನು ಆ ಹುಡುಗನೇ. ಆದರೆ ಕುದುರೆಯ ಒಡೆಯನಿಗೇ ಕಿರೀಟವೆಂಬುದು ಅಲ್ಲಿನ ಕಟ್ಟಳೆ. ಆದುದರಿಂದ ಹುಡುಗನ ಹೆಸರಿಲ್ಲ, ಫಿಲಿಪ್ಪನ ಹೆಸರಿದೆ. ಮ್ಯಾಸಿಡೋನಿಯದ ದೊರೆಯೂ ಗ್ರೀಕನೇ, ಒಲಿಂಪಿಯವೇ ಅದಕ್ಕೆ ಸಾಕ್ಷಿ ಎಂಬ ವಾದವು ಹೀಗೆ ಕೈಯಿಂದ ಕೈಗೆ ಸಾಗಿತು. ಕ್ರಿ. ಪೂ. ೩೩೮ರಲ್ಲಿ ಕೈರೊನೀಯದ ಯುದ್ಧದಲ್ಲಿ ಆತನು ಅಥೆನ್ಸ್ ಮತ್ತು ಥೀಬ್ಸ್ ನಗರಗಳ ಸೇನೆಯನ್ನು ಸೋಲಿಸಿ ಗ್ರೀಸಿಗೆ ಮುಂದಾಳಾದನು.

ಫಿಲಿಪ್ಪನು ಸತ್ತ ಮೇಲೆಯೂ ಆ ನಾಣ್ಯಗಳು ಟಂಕಸಾಲೆಗಳಿಂದ ಹೊರಬೀಳುತ್ತಿದ್ದುವು. ಡ್ಯಾನ್ಯೂಬ್ ನದಿಯ ಕಡೆಯ ಕೆಲ್ಟರು ಅವನ್ನು ನೋಡಿ ತಮ್ಮ ನಾಣ್ಯಗಳನ್ನು ಮಾಡಿಕೊಂಡರು. ಅವರ ಕೈಯಲ್ಲಿ ಅಕ್ಷರಗಳು ಬರಿಯ ಗೆರೆಗಳಾದುವು, ದೊರೆಯ ಹೆಸರು ಅಳಿಯಿತು. ಕುದುರೆ ಮಾತ್ರ ಉಳಿಯಿತು.